ಮಿಕ್ಸಿಯ ಮುತ್ತಜ್ಜಿ



ನಿಮ್ಮ ಅಡುಗೆಮನೆಯಲ್ಲಿ ಅತಿ ಹೆಚ್ಚು ಗಲಾಟೆ ಮಾಡುವ ಸಾಮಾನು ಯಾವುದು? ಕೆಲವರು ಕುಕ್ಕರ್ ಅನ್ನಬಹುದು. ನನ್ನ ಓಟು ಮಿಕ್ಸಿಗೆ. ಶನಿವಾರ ಬೆಳಿಗ್ಗೆ ಇನ್ನೊಂದು ಸ್ವಲ್ಪ ಹೊತ್ತು ಮಲಗೋಣ ಅಂದುಕೊಂಡಾಗಲೇ ಅದು ಶುರುವಾಗುತ್ತದೆ. ಕಾಯಿ ಚಟ್ನಿಗೆ ಅದಕ್ಕೆ ಎರಡು ನಿಮಿಷ ಸಾಕು. ಮಿಕ್ಸಿ ಬರುವ ಮೊದಲು ಈ ಕೆಲಸವನ್ನು ಯಾರು ಮಾಡುತ್ತಿದ್ದರು, ಹೇಗೆ ಮಾಡುತ್ತಿದ್ದರು ಎಂದು ನೀವು ಯೋಚಿಸಿದ್ದೀರಾ? ನಮ್ಮ ಹೈಸ್ಕೂಲಿನ ಹಿಸ್ಟರಿ ಪುಸ್ತಕದಲ್ಲಿ ರಾಜರು, ಯುದ್ಧಗಳು, ಒಪ್ಪಂದಗಳು ಬೇಕಾದಷ್ಟಿವೆ. ರುಬ್ಬಿದವರಿಗೆ ಒಂದು ಪುಟವೂ ಇಲ್ಲ.

ಹಾಗಾಗಿ ಬಳ್ಳಾರಿಯಿಂದ ಶುರು ಮಾಡೋಣ. ಬಳ್ಳಾರಿ ನಗರದ ಹತ್ತಿರ ಸಂಗನಕಲ್ಲು ಎಂಬ ಊರಿದೆ. ಅಲ್ಲಿನ ಬೆಟ್ಟಗಳಲ್ಲಿ ಸುಮಾರು 4,000 ವರ್ಷಗಳ ಹಿಂದೆ ನವಶಿಲಾಯುಗದ ಜನ ಇದ್ದರು. ಕಲ್ಲಿನ ಕೊಡಲಿ ಮಾಡುವುದರಲ್ಲಿ ಅವರದು ಎತ್ತಿದ ಕೈ. ಪುಸ್ತಕಗಳಲ್ಲಿ ಆ ಕೊಡಲಿಗಳದ್ದೇ ಮಾತು. ನನಗೆ ಇಷ್ಟವಾದದ್ದು ಅವರ ಅರೆಯುವ ಕಲ್ಲುಗಳು, ಉಜ್ಜಿ ಉಜ್ಜಿ ಬಂಡೆಯಲ್ಲೇ ಆದ ಗುಳಿಗಳು. ಅವರು ತಿನ್ನುತ್ತಿದ್ದ ಹುರುಳಿ, ಹೆಸರು, ಕೊರಲೆಯ ಸುಟ್ಟ ಕಾಳುಗಳೂ ಅಲ್ಲಿನ ಮಣ್ಣಿನಲ್ಲಿ ಸಿಕ್ಕಿವೆ. ಹುರುಳಿ ಸಾರು ಎಂದರೆ ಮುಖ ಸಿಂಡರಿಸುವ ತಮ್ಮ ತಂಗಿಯರೇ, ಅದು ನಮ್ಮ ನಾಡಿನ ಅತಿ ಹಳೆಯ ಊಟಗಳಲ್ಲಿ ಒಂದು!

ಆ ಕಾಲದ ಅರೆಯುವ ಕಲ್ಲು ತಿರುಗುತ್ತಿರಲಿಲ್ಲ. ಕೆಳಗೆ ಅಗಲವಾದ ಕಲ್ಲು, ಅದರ ಮೇಲೆ ಕೈಯಲ್ಲಿ ಹಿಡಿಯುವ ಚಿಕ್ಕ ಕಲ್ಲು. ಮಂಡಿಯೂರಿ ಕುಳಿತು ಹಿಂದಕ್ಕೆ ಮುಂದಕ್ಕೆ ಉಜ್ಜಬೇಕು. ಪ್ರಪಂಚದ ಎಷ್ಟೋ ಕಡೆ ಜನ ಹೀಗೇ ಅರೆದಿದ್ದಾರೆ. ನಾವಿರುವ ಅಮೆರಿಕ ಖಂಡದಲ್ಲೂ ಅದರ ಅಕ್ಕತಂಗಿ ಇದೆ. ಮೆಕ್ಸಿಕೋದವರು ಅದನ್ನು ಮೆಟಾಟೆ ಎನ್ನುತ್ತಾರೆ. ನೆನೆಸಿದ ಮೆಕ್ಕೆಜೋಳವನ್ನು ಅದರ ಮೇಲೆ ಅರೆದು ಟೋರ್ಟಿಯಾ ಮಾಡುತ್ತಿದ್ದರು.

ಹೀಗೆ ಅರೆದರೆ ಮೈಗೆ ಏನಾಗುತ್ತದೆ? ಸಿರಿಯಾ ದೇಶದ ಅಬು ಹುರೇರಾ ಎಂಬಲ್ಲಿ ಇದಕ್ಕೆ ಉತ್ತರ ಸಿಕ್ಕಿದೆ. ಅದು ಪ್ರಪಂಚದ ಮೊದಮೊದಲ ರೈತರ ಹಳ್ಳಿಗಳಲ್ಲಿ ಒಂದು. ಅಣೆಕಟ್ಟಿನ ನೀರಿನಲ್ಲಿ ಮುಳುಗುವ ಮೊದಲು, 1972-73ರಲ್ಲಿ ಅಲ್ಲಿ ಉತ್ಖನನ ನಡೆಯಿತು. ಥೆಯಾ ಮೊಲ್ಲೆಸನ್ ಎಂಬ ವಿಜ್ಞಾನಿ ಅಲ್ಲಿ ಸಿಕ್ಕ ಮೂಳೆಗಳನ್ನು ಪರೀಕ್ಷಿಸಿದರು. ಕಾಲಿನ ಹೆಬ್ಬೆರಳಿನ ಕೀಲು ಸವೆದಿತ್ತು. ಮಂಡಿಯ ಮೂಳೆಯಲ್ಲಿ ಗುರುತುಗಳಿದ್ದವು. ಕೆಳಬೆನ್ನು ಹಾಳಾಗಿತ್ತು. ದಿನಾಲೂ ಗಂಟೆಗಟ್ಟಲೆ ಬೆರಳ ಮೇಲೆ ಭಾರ ಬಿಟ್ಟು, ಮಂಡಿಯೂರಿ ಅರೆದದ್ದೇ ಕಾರಣ ಎಂದು ಅವರು ಹೇಳಿದರು. ಹೆಚ್ಚಾಗಿ ಅವು ಹೆಂಗಸರ ಮೂಳೆಗಳು. ಅವರ ಹೆಸರು ಎಲ್ಲೂ ಬರೆದಿಲ್ಲ. ಮಾಡಿದ ಕೆಲಸ ಮಾತ್ರ ಮೂಳೆಯಲ್ಲಿ ಉಳಿದಿದೆ.

ತಿರುಗುವ ಕಲ್ಲುಗಳು ಬಂದದ್ದು ಆಮೇಲೆ. ಒಣ ಕಾಳಿಗೆ ಬೀಸುವ ಕಲ್ಲು, ನೆನೆದ ಕಾಳಿಗೆ ಒರಳುಕಲ್ಲು. ಕೆಲವು ಕಡೆ ಒಳಕಲ್ಲು ಅನ್ನುತ್ತಾರೆ, ಕರಾವಳಿಯವರು ಕಡೆಯುವ ಕಲ್ಲು ಅನ್ನುತ್ತಾರೆ. ನೋಡಿಲ್ಲದವರಿಗಾಗಿ ಹೇಳುತ್ತೇನೆ: ದೊಡ್ಡ ಕಲ್ಲಿನ ನಡುವೆ ಒಂದು ಕುಳಿ, ಕುಳಿಯಲ್ಲಿ ನಿಲ್ಲುವ ಗುಂಡುಕಲ್ಲು. ಒಂದು ಕೈ ಗುಂಡನ್ನು ತಿರುಗಿಸಬೇಕು, ಇನ್ನೊಂದು ಕೈ ಅಂಚಿಗೆ ಬಂದ ಹಿಟ್ಟನ್ನು ಮತ್ತೆ ಕುಳಿಗೆ ತಳ್ಳಬೇಕು. ತಾಳ ತಪ್ಪಿದರೆ ಬೆರಳು ಜಜ್ಜಿಹೋಗುತ್ತದೆ. ಕಲ್ಲು ಸವೆದು ನುಣ್ಣಗಾದರೆ ಹಿಟ್ಟು ನುಣ್ಣಗಾಗುವುದಿಲ್ಲ. ಆಗ ಉಳಿ ಸುತ್ತಿಗೆ ಹಿಡಿದು ಮನೆಮನೆಗೆ ಬರುವವರು ಕುಟ್ಟಿ ಅದನ್ನು ಮತ್ತೆ ತರಿತರಿ ಮಾಡಿಕೊಡುತ್ತಿದ್ದರು.

ಇಡ್ಲಿಯ ಹಳೆಯ ಹೆಸರು ಇಡ್ಡಲಿಗೆ. ಸುಮಾರು 10ನೇ ಶತಮಾನದ ‘ವಡ್ಡಾರಾಧನೆ’ಯಲ್ಲಿ ಆ ಹೆಸರು ಬರುತ್ತದೆ. 11ನೇ ಶತಮಾನದಲ್ಲಿ ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಅದನ್ನು ಮಾಡುವ ಕ್ರಮವೇ ಇದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ಅರೆಯಬೇಕಂತೆ. ‘ನುಣ್ಣಗೆ ಅರೆಯಬೇಕು’ ಎಂದು ಬರೆಯುವುದು ಬಹಳ ಸುಲಭ ಬಿಡಿ!

ಆದರೆ ಬೀಸಿದವರು ಸುಮ್ಮನೆ ಬೀಸಲಿಲ್ಲ, ಹಾಡಿದರು. ನಸುಕಿನಲ್ಲಿ ಎದ್ದು ರಾಗಿ, ಜೋಳ ಬೀಸುವಾಗ ತವರಿನ ನೆನಪು, ಅತ್ತೆಯ ಕಾಟ, ಅಣ್ಣತಮ್ಮಂದಿರ ಮೇಲಿನ ಪ್ರೀತಿ ಎಲ್ಲ ಹಾಡಾಯಿತು. ಇವುಗಳಿಗೆ ಬೀಸುವ ಪದ ಎಂದು ಹೆಸರು. ತುಂಬಾ ಹಾಡುಗಳು ತ್ರಿಪದಿಯಲ್ಲಿವೆ, ಅಂದರೆ ಮೂರು ಸಾಲಿನ ಪದ್ಯ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳಿಂದ ಕೇಳಿ ಬರೆದುಕೊಂಡ ಹಾಡುಗಳು ‘ಗರತಿಯ ಹಾಡು’ ಎಂಬ ಪುಸ್ತಕವಾಗಿ ಬಂದವು. ಹಾಡು ಕಟ್ಟಿದವರಲ್ಲಿ ಎಷ್ಟೋ ಜನರಿಗೆ ಓದಲು ಬರೆಯಲು ಬರುತ್ತಿರಲಿಲ್ಲ. ನನ್ನ ಪ್ರಕಾರ ಬೀಸುವ ಕಲ್ಲಿನಿಂದ ಬಂದ ಅತಿ ಬೆಲೆಬಾಳುವ ವಸ್ತು ಹಿಟ್ಟಲ್ಲ, ಇದು.

ಒನಕೆಯನ್ನು ಬಿಟ್ಟರೆ ಚಿತ್ರದುರ್ಗದವರು ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಓಬವ್ವನ ಕಥೆ ನಿಮಗೆಲ್ಲ ಗೊತ್ತು. ಹೈದರಾಲಿಯ ಸೈನಿಕರು ಕೋಟೆಯ ಕಿಂಡಿಯಲ್ಲಿ ನುಸುಳಿ ಬರುವಾಗ ಅವಳ ಕೈಗೆ ಸಿಕ್ಕಿದ್ದು ಒನಕೆ. ಅವಳಿಗೆ ಅಷ್ಟು ಬಲ ಎಲ್ಲಿಂದ ಬಂತು ಎಂದು ಚಿಕ್ಕವನಾಗಿದ್ದಾಗ ನಾನು ಕೇಳುತ್ತಿದ್ದೆ. ದಿನಾ ಕುಟ್ಟಿ ಬಂದ ಬಲ, ಮತ್ತೆಲ್ಲಿಂದ?

ಈಗ ಕರೆಂಟಿನ ಕಾಲಕ್ಕೆ ಬರೋಣ. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿತು. ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ವಿಷಯ ಇದು. ಆದರೆ ಗಣಿಗೆ, ಬೀದಿಗೆ ಬಂದ ಕರೆಂಟು ಒರಳುಕಲ್ಲನ್ನು ತಿರುಗಿಸಲು ಇನ್ನೂ ಅರ್ಧ ಶತಮಾನ ಕಾಯಿಸಿತು. ಕೊಯಮತ್ತೂರಿನ ಪಿ. ಸಭಾಪತಿ ಎಂಬವರು 1955ರಲ್ಲಿ ವೆಟ್ ಗ್ರೈಂಡರ್ ಮಾಡಿದರು. ಒರಳಿನಲ್ಲಿ ಗುಂಡು ತಿರುಗಿದರೆ, ಇದರಲ್ಲಿ ಗುಂಡನ್ನು ಹಿಡಿದು ನಿಲ್ಲಿಸಿ ಪಾತ್ರೆಯನ್ನೇ ತಿರುಗಿಸುತ್ತಾರೆ. ಎಷ್ಟು ಸರಳವಾದ ಉಪಾಯ!

ಮಿಕ್ಸಿಯ ಕಥೆಯಲ್ಲಿ ಒಂದು ಜಗಳದ ವಾಸನೆ ಇದೆ. 1960ರ ದಶಕದಲ್ಲಿ ಸತ್ಯಪ್ರಕಾಶ್ ಮಾಥುರ್ ಎಂಬ ಎಂಜಿನಿಯರ್ ಮನೆಯಲ್ಲಿ ಜರ್ಮನಿಯ ಮಿಕ್ಸರ್ ಇತ್ತು. ನಮ್ಮ ಅಡುಗೆಯ ಭಾರ ತಡೆಯಲಾರದೆ ಅದು ಸುಟ್ಟುಹೋಯಿತು. ರಿಪೇರಿ ಮಾಡಿಸಲು ಆಗಲಿಲ್ಲ. ಹಾಗಾದರೆ ನೀವೇ ಒಂದು ಮಾಡಿಕೊಡಿ ಎಂದರು ಅವರ ಹೆಂಡತಿ. ಅದರಿಂದ ಹುಟ್ಟಿದ್ದು ಸುಮೀತ್ ಮಿಕ್ಸಿ. ಕೇಕಿನ ಹಿಟ್ಟು ಕಲಸುವ ಯಂತ್ರಕ್ಕೂ ಅರಿಶಿನದ ಕೊಂಬು ಪುಡಿ ಮಾಡುವ ಯಂತ್ರಕ್ಕೂ ವ್ಯತ್ಯಾಸ ಇರಲೇಬೇಕಲ್ಲವೇ?

ಮಿಕ್ಸಿ ಮತ್ತು ಕಲ್ಲು ಒಂದೇ ಕೆಲಸ ಮಾಡುವುದಿಲ್ಲ. ಮಿಕ್ಸಿಯ ಬ್ಲೇಡ್ ನಿಮಿಷಕ್ಕೆ ಸಾವಿರಾರು ಸುತ್ತು ಸುತ್ತಿ ಕತ್ತರಿಸುತ್ತದೆ, ಹಿಟ್ಟು ಬಿಸಿಯಾಗುತ್ತದೆ. ಅದಕ್ಕೇ ಅಮ್ಮಂದಿರು ಉದ್ದು ರುಬ್ಬುವಾಗ ಐಸ್ ನೀರು ಹಾಕುತ್ತಾರೆ. ಕಲ್ಲು ನಿಧಾನವಾಗಿ ಜಜ್ಜುತ್ತದೆ, ಹಿಟ್ಟು ತಣ್ಣಗಿದ್ದು ಗಾಳಿ ಸೇರಿ ಉಬ್ಬುತ್ತದೆ. ಕಲ್ಲಿನಲ್ಲಿ ರುಬ್ಬಿದ ರುಚಿಯೇ ಬೇರೆ ಎಂದು ದೊಡ್ಡವರು ಹೇಳುವುದು ನಿಜ. ಆದರೆ ಹಾಗೆ ಹೇಳುವ ಅಂಕಲ್‌ಗಳಿಗೆ ನನ್ನದೊಂದು ಪ್ರಶ್ನೆ: ಆಗ ರುಬ್ಬುತ್ತಿದ್ದವರು ನೀವಾ?

ಮಕ್ಕಳೇ, ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ನಿಮ್ಮ ಅಜ್ಜಿಯ ಹತ್ತಿರ ಮೂರು ಮಾತು ಕೇಳಿ. ನಿಮ್ಮ ಮನೆಯ ಕಲ್ಲಿಗೆ ಏನು ಹೆಸರು? ಅದು ಈಗ ಎಲ್ಲಿದೆ? ಯಾರು ಯಾರು ರುಬ್ಬುತ್ತಿದ್ದರು? ತುಮಕೂರು ಜಿಲ್ಲೆಯ ನಮ್ಮ ಅಜ್ಜಿಯನ್ನು ನಾನು ಕೇಳಿದೆ. ಒರಳುಕಲ್ಲು ಹಿತ್ತಲಿನಲ್ಲಿದೆ, ಮಳೆ ನೀರು ನಿಂತರೆ ಗುಬ್ಬಿಗಳು ಕುಡಿಯುತ್ತವೆ ಎಂದರು. ಹತ್ತು ವರ್ಷಕ್ಕೇ ರುಬ್ಬಲು ಕೂರಿಸಿದರಂತೆ. ಹಬ್ಬದ ಹಿಂದಿನ ರಾತ್ರಿ ಅವರಮ್ಮ, ಅವರು, ಅವರ ತಂಗಿ ಸರದಿಯ ಮೇಲೆ ರುಬ್ಬುತ್ತಿದ್ದರಂತೆ.

“ನಿಮ್ಮ ಅಣ್ಣನ ಸರದಿ ಯಾವಾಗ ಬರುತ್ತಿತ್ತು ಅಜ್ಜಿ?” ಎಂದೆ.

ಅಜ್ಜಿ ಎಷ್ಟು ನಕ್ಕರೆಂದರೆ, ಪಕ್ಕದಲ್ಲಿದ್ದ ತಾತ ಏನಾಯಿತು ಎಂದು ನೋಡಲು ಫೋನಿನೊಳಗೆ ಮುಖ ಹಾಕಿದರು.