ಕುಂಕುಮ, ಅರಿಸಿನ ಮತ್ತು ಸೀಸ

ಹೊರನಾಡಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ದೇವರ ಕೋಣೆಯಲ್ಲಿ ಅರಿಸಿನ-ಕುಂಕುಮದ ಬಟ್ಟಲುಗಳ ಸ್ಥಾನ ಇಂದಿಗೂ ಭದ್ರವಾಗಿದೆ. ಆದರೆ ಊರಿನಿಂದ ತಂದ ಕುಂಕುಮ ಮುಗಿದಾಗ ಪೂಜಾ ಸಾಮಗ್ರಿಯ ಅಂಗಡಿಯಲ್ಲಿ ಬಿಡಿಯಾಗಿ ಕೊಳ್ಳುವ ಕೆಂಪು ಪುಡಿ ಯಾವುದರಿಂದಾದುದು ಎಂದು ನಾವು ವಿಚಾರಿಸುವುದು ಅಪರೂಪ. ಕುಂಕುಮ, ಸಿಂಧೂರಗಳೆರಡನ್ನೂ ಒಂದೇ ಎಂಬಂತೆ ಮಾರುವುದುಂಟು. ರಾಸಾಯನಿಕವಾಗಿ ಅವು ಒಂದೇ ಅಲ್ಲ.

ಸಾಂಪ್ರದಾಯಿಕ ಕುಂಕುಮದ ಮೂಲ ಅರಿಸಿನ. ಅರಿಸಿನದ ಕೊಂಬುಗಳನ್ನು ಬಿಳಿಗಾರ, ಪಟಿಕ ಹಾಗೂ ನಿಂಬೆರಸದಲ್ಲಿ ನೆನೆಸಿ, ಒಣಗಿಸಿ ಪುಡಿಮಾಡುತ್ತಾರೆ. ಅರಿಸಿನದಲ್ಲಿರುವ ಕರ್ಕ್ಯುಮಿನ್ ಬಿಳಿಗಾರದೊಡನೆ ಕೂಡಿ ಕೆಂಪಾಗುತ್ತದೆ. ಸುಣ್ಣದ ಕ್ಷಾರ ತಾಗಿದರೂ ಅದು ಕೆಂಪೇರುತ್ತದೆ. ಆರತಿ ತಟ್ಟೆಯ ಕೆಂಪು ನೀರು ಆಗುವುದೂ ಹೀಗೆಯೇ. ಇದರಲ್ಲಿ ಸೀಸಕ್ಕೆ ಯಾವ ಪಾತ್ರವೂ ಇಲ್ಲ.

ಸಿಂಧೂರದ ಕಥೆ ಬೇರೆ. ಕಿತ್ತಳೆಗೆಂಪಿನ ಆ ಬಣ್ಣಕ್ಕೆ ಹಿಂದಿನಿಂದಲೂ ಸೀಸದ ಆಕ್ಸೈಡನ್ನು, ಕೆಲವೆಡೆ ಪಾದರಸದ ಸಂಯುಕ್ತವಾದ ಇಂಗಲೀಕವನ್ನು ಬಳಸುತ್ತಿದ್ದರು. ಪ್ರಸಾಧನ ವಸ್ತುಗಳಿಗೆ ಬಣ್ಣ ಕೊಡಲು ಸೀಸ ಮತ್ತು ಆರ್ಸೆನಿಕ್ ಸಂಯುಕ್ತಗಳನ್ನು ಬಳಸುವುದನ್ನು ಭಾರತದ ಕಾನೂನು ನಿಷೇಧಿಸಿದೆ. ನಿಷೇಧವಿದ್ದರೂ ಮಾರುಕಟ್ಟೆ ಪೂರ್ತಿ ಶುದ್ಧವಾಗಿಲ್ಲ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನ್ಯೂಜೆರ್ಸಿ ಮತ್ತು ಭಾರತದಿಂದ ಕೊಂಡ 118 ಸಿಂಧೂರದ ಮಾದರಿಗಳನ್ನು ಪರೀಕ್ಷಿಸಲಾಯಿತು. ಅಮೆರಿಕದಲ್ಲಿ ಕೊಂಡವುಗಳಲ್ಲಿ ಶೇಕಡಾ 83ರಲ್ಲಿ, ಭಾರತದಲ್ಲಿ ಕೊಂಡವುಗಳಲ್ಲಿ ಶೇಕಡಾ 78ರಲ್ಲಿ, ಗ್ರಾಮಿಗೆ ಕನಿಷ್ಠ 1 ಮೈಕ್ರೋಗ್ರಾಮ್ ಸೀಸವಿತ್ತು.

ಹಣೆಯ ಚರ್ಮದ ಮೂಲಕ ಒಳಸೇರುವ ಸೀಸ ಅಲ್ಪ. ಅಪಾಯವಿರುವುದು ಬೆರಳಿನಲ್ಲಿ. ತಾಯಿ ಕುಂಕುಮವಿಟ್ಟ ಬೆರಳಿನಿಂದಲೇ ಮಗುವಿಗೆ ತುತ್ತಿಡುತ್ತಾಳೆ. ಮಗು ನೆಲಕ್ಕೆ ಉದುರಿದ ಪುಡಿಯನ್ನು ಮುಟ್ಟಿ ಕೈಯನ್ನು ಬಾಯಿಗಿಡುತ್ತದೆ. ಎಳೆಯ ಮಕ್ಕಳ ಕರುಳು ದೊಡ್ಡವರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಸೀಸವನ್ನು ಹೀರುತ್ತದೆ, ಅದು ಬೆಳೆಯುವ ಮಿದುಳಿಗೆ ಹಾನಿಮಾಡುತ್ತದೆ. ಸುರಕ್ಷಿತವೆನ್ನಬಹುದಾದ ಮಟ್ಟವೇ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಕಣ್ಣಿಗೆ ಹಚ್ಚುವ ಸುರ್ಮಾದ ವಿಷಯದಲ್ಲೂ ಇದೇ ಎಚ್ಚರ ಬೇಕು. ಅದರ ಹಳೆಯ ಮೂಲವಸ್ತು ಸೀಸದ ಅದಿರು. ನಮ್ಮ ಅಜ್ಜಿಯರು ದೀಪದ ಮಸಿಯಿಂದ ಮಾಡುತ್ತಿದ್ದ ಕಾಡಿಗೆ ಅದಲ್ಲ.

ಇನ್ನು ಅರಿಸಿನ. ಮಾಸಲು ಕೊಂಬುಗಳಿಗೆ ಹೊಳಪು ಕೊಡಲು ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣವನ್ನು ಬಳಿಯುವ ದುರಭ್ಯಾಸ ಉಪಖಂಡದಲ್ಲಿ ಬೆಳಕಿಗೆ ಬಂದಿದೆ. ಬಾಂಗ್ಲಾದೇಶದಲ್ಲಿ 2019ರಲ್ಲಿ ಪರೀಕ್ಷಿಸಿದ ಮಾರುಕಟ್ಟೆಯ ಮಾದರಿಗಳಲ್ಲಿ ಶೇಕಡಾ 47ರಲ್ಲಿ ಸೀಸ ಕಂಡುಬಂದಿತ್ತು. ಸರಕಾರದ ತಪಾಸಣೆ, ದಂಡ, ಪ್ರಚಾರಗಳ ನಂತರ 2021ರ ವೇಳೆಗೆ ಅದು ಶೂನ್ಯಕ್ಕಿಳಿಯಿತು. ಕಾಯ್ದೆ ಜಾರಿಯಾದರೆ ಫಲ ಎಷ್ಟು ಬೇಗ ಸಿಗಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ಕಾಣದು.

ಸಾಬೂನು ತಾಗಿದ ಅರಿಸಿನದ ಕಲೆ ಕೆಂಪಾದರೆ ಅರಿಸಿನ ಶುದ್ಧವೆಂದು ಕೆಲವರು ನಂಬಿದ್ದಾರೆ. ಪುಡಿಯಲ್ಲಿ ಅರಿಸಿನ ಇದೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ; ಸೀಸ ಇಲ್ಲವೆಂದು ತಿಳಿಯದು. ಅದಕ್ಕೆ ಪ್ರಯೋಗಾಲಯವೇ ಬೇಕು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 40ನೆಯ ಕಲಮಿನಂತೆ, ಕೊಂಡ ಆಹಾರವಸ್ತುವನ್ನು ಯಾವ ಗ್ರಾಹಕನಾದರೂ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಲ್ಲಿ ಪರೀಕ್ಷಿಸಿಕೊಳ್ಳಬಹುದು. ಕಲಬೆರಕೆ ದೃಢಪಟ್ಟರೆ ಶುಲ್ಕ ಮರಳಿ ದೊರೆಯುತ್ತದೆ. ಕುಂಕುಮ, ಸಿಂಧೂರ, ಕಾಡಿಗೆಗಳು ಔಷಧ ಮತ್ತು ಪ್ರಸಾಧನ ಕಾಯ್ದೆ, 1940ರ ವ್ಯಾಪ್ತಿಗೆ ಬರುತ್ತವೆ. ಅದರ 26ನೆಯ ಕಲಮು ಇಂತಹದೇ ಹಕ್ಕನ್ನು ವ್ಯಕ್ತಿಗಳಿಗೂ ಮಾನ್ಯತೆ ಪಡೆದ ಗ್ರಾಹಕ ಸಂಘಗಳಿಗೂ ಕೊಟ್ಟಿದೆ. ಹಾಗಾಗಿ ಕೊಳ್ಳುವಾಗ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ ಮುದ್ರಿಸಿದ ಪೊಟ್ಟಣವನ್ನೇ ಕೇಳಿ, ರಸೀದಿ ಪಡೆಯುವುದು ಲೇಸು. ಬಿಡಿಪುಡಿಯ ವಿಷಯದಲ್ಲಿ ದೂರು ಕೊಡಲು ಹೊರಟರೆ ಹೊಣೆಗಾರರೇ ಸಿಗುವುದಿಲ್ಲ.

ಮನೆಯಲ್ಲಿ ಪುಟ್ಟ ಮಕ್ಕಳಿದ್ದು ಅನುಮಾನ ಬಂದರೆ, ರಕ್ತದಲ್ಲಿನ ಸೀಸದ ಪರೀಕ್ಷೆಯ ಬಗ್ಗೆ ವೈದ್ಯರನ್ನು ವಿಚಾರಿಸಬಹುದು. ಡೆಸಿಲೀಟರಿಗೆ 5 ಮೈಕ್ರೋಗ್ರಾಮ್ ಅಥವಾ ಹೆಚ್ಚು ಕಂಡುಬಂದರೆ ಸೀಸದ ಮೂಲವನ್ನು ಹುಡುಕಿ ದೂರಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಹೇಳುತ್ತದೆ.