ವಸತಿ ಗುಣಮಟ್ಟ ಮತ್ತು ನಿವಾಸಿಗಳ ಸಂತೃಪ್ತಿ

ಮನೆ ವಾಸಕ್ಕೆ ಎಷ್ಟು ಯೋಗ್ಯ, ಅಲ್ಲಿ ಬಾಳುವವರಿಗೆ ಅದು ಎಷ್ಟು ಒಪ್ಪಿಗೆಯಾಗಿದೆ ಎಂಬುದರ ಅಧ್ಯಯನ. ಭಾರತದ ಜನಗಣತಿ ಮನೆಗಳನ್ನು ಉತ್ತಮ, ವಾಸಯೋಗ್ಯ, ಶಿಥಿಲ ಎಂದು ವಿಂಗಡಿಸುತ್ತದೆ. ವಿಶ್ವಸಂಸ್ಥೆಯ ಮಾನದಂಡದಲ್ಲಿ ಗಟ್ಟಿ ಕಟ್ಟಡ, ನೀರು, ಶೌಚಾಲಯ, ಕೋಣೆಗೆ ಮೂವರನ್ನು ಮೀರದ ವಾಸದ ಜೊತೆಗೆ ಒಕ್ಕಲೆಬ್ಬಿಸುವ ಭಯವಿಲ್ಲದಿರುವುದೂ ಸೇರಿದೆ. ಪೆರು ದೇಶದಲ್ಲಿ ಕೆಲಸ ಮಾಡಿದ ವಾಸ್ತುಶಿಲ್ಪಿ ಜಾನ್ ಟರ್ನರ್, ಮನೆ ಹೇಗಿದೆ ಎನ್ನುವುದಕ್ಕಿಂತ ಅದು ಬದುಕಿಗೆ ಹೇಗೆ ಒದಗುತ್ತದೆ ಎನ್ನುವುದೇ ಮುಖ್ಯ ಎಂದು 1976ರ ತಮ್ಮ ಪುಸ್ತಕದಲ್ಲಿ ವಾದಿಸಿದರು.

ಬೆಂಗಳೂರಿನ ಈಜಿಪುರ ಇದಕ್ಕೊಂದು ನೋವಿನ ನಿದರ್ಶನ. ದುರ್ಬಲ ವರ್ಗದವರಿಗೆಂದು ಕಟ್ಟಿದ ಅಲ್ಲಿನ ವಸತಿಗೃಹಗಳು ಕಳಪೆಯಾಗಿದ್ದು ಕುಸಿದವು. 2013ರ ಜನವರಿಯಲ್ಲಿ ನಿವಾಸಿಗಳನ್ನು ತೆರವುಗೊಳಿಸಿದ ಮೇಲೂ ಹಲವು ಕುಟುಂಬಗಳು ಅದೇ ಜಾಗದ ಪಕ್ಕದಲ್ಲೇ ಉಳಿದವು. ಅವರ ಕೂಲಿ, ಮನೆಗೆಲಸ, ಮಕ್ಕಳ ಶಾಲೆ ಎಲ್ಲವೂ ಇದ್ದದ್ದು ಅಲ್ಲೇ.

ತುಂಗಭದ್ರೆಯ ಬಯಲಿನ ಮೇಡ್ಲೇರಿ, ರಾಣೆಬೆನ್ನೂರು ಭಾಗದಲ್ಲಿ ಪ್ರಶ್ನೆಯ ಸ್ವರೂಪ ಬೇರೆ. ದಪ್ಪ ಮಣ್ಣಿನ ಗೋಡೆ, ತೊಲೆ ಜಂತಿಯ ಮೇಲೆ ಮಣ್ಣಿನ ಮಾಳಿಗೆ, ಬೆಳಕಿಗೊಂದು ಗವಾಕ್ಷಿ, ಒಳಗೇ ಎತ್ತು ಕಟ್ಟುವ ಜಾಗ: ಹಳೆಯ ಮನೆಯ ರೀತಿ ಇದು. ಬೇಸಿಗೆಯಲ್ಲಿ ಇಷ್ಟು ತಂಪಾದ ಮನೆ ಇನ್ನೊಂದಿಲ್ಲ. ಆದರೆ ಜಡಿಮಳೆ ಹಿಡಿದರೆ ಗೋಡೆ ನೆನೆದು ಕೂರುತ್ತದೆ. 2019ರ ಆಗಸ್ಟ್‌ನಲ್ಲಿ ಹಾವೇರಿ ಜಿಲ್ಲೆಯಲ್ಲಿ ಸಾವಿರಾರು ಮನೆಗಳು ಬಿದ್ದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ನಿಗದಿ ಮಾಡಿ, ಕಟ್ಟಡ ಏರಿದಂತೆ ಕಂತಿನಲ್ಲಿ ಕೊಟ್ಟಿತು. ಈ ಹಣದಿಂದ ಎದ್ದ ಆರ್‌ಸಿಸಿ ಮನೆಗಳು ಮಳೆಗೆ ಹೆದರಬೇಕಿಲ್ಲ, ಏಪ್ರಿಲ್ ಬಿಸಿಲಿಗೆ ಮಾತ್ರ ಕಾದ ಹಂಚು. ಸ್ವಂತ ಜಾಗದಲ್ಲೇ ಕಟ್ಟಿಕೊಂಡವರಿಗೆ ಹಿತ್ತಲು, ನೆರೆಹೊರೆ ಉಳಿದದ್ದು ಸಣ್ಣ ಲಾಭವಲ್ಲ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ಊರಿಂದಾಚೆ ಕಟ್ಟಿದ ‘ಆಸರೆ’ ಮನೆಗಳಿಗೆ ಅನೇಕರು ಹೋಗಲೇ ಇಲ್ಲ. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಬಣವೆ ಒಟ್ಟಲು ತಾವಿಲ್ಲ.

ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ ಅಡುಗೆ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್ ಅಳತೆಯಿದೆ. ಗೋವಿನಜೋಳದ ಚೀಲ, ಒಣಮೆಣಸಿನಕಾಯಿ, ಹಸುಕರು ಎಲ್ಲ ಇರುವ ಸಂಸಾರಕ್ಕೆ ಇದು ಸಾಲದು. ಫಲಾನುಭವಿಗಳ ಆಯ್ಕೆ ನಡೆಯುವ ಗ್ರಾಮಸಭೆಯಲ್ಲೇ ಮನೆಯ ನಕ್ಷೆಯನ್ನೂ ಮುಂದಿಟ್ಟು, ದಿನವಿಡೀ ಆ ಮನೆಯಲ್ಲಿ ದುಡಿಯುವ ಹೆಣ್ಣುಮಕ್ಕಳನ್ನು ಮೊದಲು ಕೇಳಬೇಕು.