40 ಪಂದ್ಯಗಳ ಡೇಟನ್ ರೆನ್ಸ್

1948ರ ಡಿಸೆಂಬರಿನಲ್ಲಿ ಅಮೆರಿಕದ ನ್ಯಾಷನಲ್ ಬಾಸ್ಕೆಟ್‌ಬಾಲ್ ಲೀಗಿನ (ಎನ್‌ಬಿಎಲ್) ಡೆಟ್ರಾಯಿಟ್ ತಂಡ ಋತುವಿನ ನಡುವೆಯೇ ಕೈಚೆಲ್ಲಿತು. ಅಷ್ಟು ಹೊತ್ತಿಗೆ ಅದು ಆಡಿದ್ದು 19 ಪಂದ್ಯ, ಗೆದ್ದದ್ದು ಎರಡು. ಖಾಲಿಯಾದ ಜಾಗಕ್ಕೆ ಲೀಗ್ ಕರೆತಂದದ್ದು ನ್ಯೂಯಾರ್ಕಿನ ಹಾರ್ಲೆಮ್‌ನ ಹೆಸರಾಂತ ರೆನೆಸಾನ್ಸ್ ತಂಡವನ್ನು. ಓಹಾಯೊದ ಡೇಟನ್ ನಗರವನ್ನು ಅದರ ನೆಲೆಯಾಗಿ ಗೊತ್ತುಮಾಡಿದರು. ತಂಡದ ಹೆಸರು ಡೇಟನ್ ರೆನ್ಸ್ ಎಂದಾಯಿತು. ಮಾಲೀಕ, ಕೋಚ್, ಆಟಗಾರರು ಎಲ್ಲರೂ ಕಪ್ಪು ಜನ. ಉಳಿದೆಲ್ಲವೂ ಬಿಳಿಯರ ತಂಡಗಳಾಗಿದ್ದ ದೊಡ್ಡ ಲೀಗೊಂದರಲ್ಲಿ ಇಂಥ ತಂಡ ಕಣಕ್ಕಿಳಿದದ್ದು ಅದೇ ಮೊದಲು. 40 ಪಂದ್ಯಗಳಲ್ಲಿ 14 ಗೆದ್ದು 26 ಸೋತ ಆ ತಂಡ ಮರುವರ್ಷ ಇರಲಿಲ್ಲ. ದಾಖಲೆಯ ಪುಸ್ತಕದಲ್ಲಿ ಡೆಟ್ರಾಯಿಟ್‌ನ ಗೆಲುವು ಸೋಲುಗಳೂ ಅದರ ಲೆಕ್ಕಕ್ಕೇ ಸೇರಿ 16 ಗೆಲುವು, 43 ಸೋಲು ಎಂಬ ಸಾಲೊಂದು ಉಳಿದಿದೆ. ಈ ಸಾಲನ್ನು ನೋಡಿ ಡೇಟನ್ ರೆನ್ಸ್ ಆಡಲಾರದೆ ಅಳಿದ ತಂಡ ಎನ್ನುವುದು ತಪ್ಪು. ಅದು ಅಳಿದದ್ದು ಆಟದಿಂದಲ್ಲ, ಅದನ್ನು ಹೊರಗಿಟ್ಟದ್ದರಿಂದ.

ಕೆರಿಬಿಯನ್ ದ್ವೀಪ ಸೇಂಟ್ ಕಿಟ್ಸ್‌ನಲ್ಲಿ ಹುಟ್ಟಿ ನ್ಯೂಯಾರ್ಕಿಗೆ ಬಂದ ಬಾಬ್ ಡಗ್ಲಾಸ್ 1923ರಲ್ಲಿ ಈ ತಂಡ ಕಟ್ಟಿದರು. ಹಾರ್ಲೆಮ್‌ನ ರೆನೆಸಾನ್ಸ್ ನೃತ್ಯಶಾಲೆ ಆಡಲು ಜಾಗ ಕೊಟ್ಟಿತು, ತಂಡ ಅದರ ಹೆಸರನ್ನು ಹೊತ್ತಿತು. ನುಣುಪು ನೆಲದ ಮೇಲೆ ಮೊದಲು ಪಂದ್ಯ, ಆಮೇಲೆ ಅಲ್ಲೇ ಕುಣಿತ. ವರ್ಷದ ಬಹುಪಾಲು ಬಸ್ಸಿನಲ್ಲೇ ಕಳೆಯುತ್ತಿತ್ತು. ಎಷ್ಟೋ ಊರುಗಳಲ್ಲಿ ಇವರ ಆಟ ನೋಡಲು ಜನ ಕಿಕ್ಕಿರಿಯುತ್ತಿದ್ದರು. ಅದೇ ಊರಿನ ಹೋಟೆಲುಗಳಲ್ಲಿ ಇವರಿಗೆ ಊಟವೂ ಇಲ್ಲ, ಕೋಣೆಯೂ ಇಲ್ಲ. ಆ ದಣಿವಿನ ನಡುವೆಯೇ 1932-33ರಲ್ಲಿ ಸತತ 88 ಪಂದ್ಯ ಗೆದ್ದರು. 1939ರಲ್ಲಿ ಷಿಕಾಗೊದ ವಿಶ್ವ ವೃತ್ತಿಪರ ಟೂರ್ನಿಯ ಫೈನಲ್‌ನಲ್ಲಿ ಆಷ್‌ಕಾಷ್ ತಂಡವನ್ನು 34-25ರಿಂದ ಸೋಲಿಸಿದರು. ಆಷ್‌ಕಾಷ್ ಆಡುತ್ತಿದ್ದದ್ದು, ಹತ್ತು ವರ್ಷಗಳ ತರುವಾಯ ಇವರನ್ನು ಜಾಗ ತುಂಬಲು ಕರೆದ ಅದೇ ಲೀಗಿನಲ್ಲಿ.

1948ರ ಹೊತ್ತಿಗೆ ರೆನ್ಸ್ ಮುಪ್ಪಾಗಿತ್ತು, ಅದಕ್ಕೇ ಉಳಿಯಲಿಲ್ಲ ಎಂದು ಹೇಳುವವರಿದ್ದಾರೆ. ಹಳೆಯ ಘಟಾನುಘಟಿಗಳು ಅಷ್ಟರಲ್ಲಿ ಆಟ ಬಿಟ್ಟಿದ್ದರು, ನಿಜ. ಆದರೆ ಡೇಟನ್ನಿಗೆ ಹೋಗುವ ಕೆಲವೇ ತಿಂಗಳ ಮುಂಚೆ, 1948ರ ವಿಶ್ವ ಟೂರ್ನಿಯ ಫೈನಲ್‌ನಲ್ಲಿ, ತಾರಾ ಆಟಗಾರ ಜಾರ್ಜ್ ಮೈಕನ್ ಇದ್ದ ಮಿನಿಯಾಪೊಲಿಸ್ ಲೇಕರ್ಸ್ ಎದುರು ಈ ತಂಡ ಸೋತದ್ದು ಬರೀ ನಾಲ್ಕು ಅಂಕಗಳಿಂದ, 75-71. ಆ ಫೈನಲ್‌ನಲ್ಲಿ ರೆನ್ಸ್ ಪರ ಆಡಿದ ನ್ಯಾಟ್ ಕ್ಲಿಫ್ಟನ್ ಡೇಟನ್ ತಂಡದಲ್ಲಿ ಇರಲಿಲ್ಲ. ಕೋಚ್ ಪಾಪ್ ಗೇಟ್ಸ್ ತಾವೇ ಅಂಗಳಕ್ಕಿಳಿದು ಆಡುತ್ತಿದ್ದರು. ಹಾಗಿದ್ದೂ ನೂರಕ್ಕೆ 35ರಂತೆ ಗೆದ್ದರು. ಅದೇ ಲೀಗಿನ ಡೆನ್ವರ್ ತಂಡ 62 ಪಂದ್ಯಗಳಲ್ಲಿ ಗೆದ್ದದ್ದು 18, ಅಂದರೆ ನೂರಕ್ಕೆ 29. 1949ರ ಆಗಸ್ಟಿನಲ್ಲಿ ಈ ಲೀಗೂ ಬಾಸ್ಕೆಟ್‌ಬಾಲ್ ಅಸೋಸಿಯೇಷನ್ ಆಫ್ ಅಮೆರಿಕವೂ (ಬಿಎಎ) ಕೂಡಿ ಎನ್‌ಬಿಎ ಆದಾಗ ಆ ಡೆನ್ವರ್ ಒಳಗಿತ್ತು, ಡೇಟನ್ ಹೊರಗಿತ್ತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಹಣದ್ದು. ಡೇಟನ್ನಿನಲ್ಲಿ ಜನ ಸೇರಲಿಲ್ಲ; ಆಷ್‌ಕಾಷ್‌ನಂಥ ಬಿಳಿಯರ ತಂಡವೂ ಹೊಸ ಲೀಗಿನಲ್ಲಿ ಆಡಲಿಲ್ಲ; ಹಾಗಿರುವಾಗ ಬಣ್ಣವನ್ನೇ ಏಕೆ ದೂರಬೇಕು? ಈ ಮಾತನ್ನು ತಳ್ಳಿಹಾಕಲಾಗದು. ಆದರೂ ಎರಡು ಸಂಗತಿಗಳನ್ನು ಮರೆಯುವಂತಿಲ್ಲ. ಮೊದಲನೆಯದು, ಡೇಟನ್ನಿನ ಎದುರು ಪುಟ್ಟ ಊರುಗಳಾದ ಷೆಬೊಯ್ಗನ್, ವಾಟರ್ಲೂಗಳಿಗೆ ಹೊಸ ಲೀಗಿನಲ್ಲಿ ಜಾಗ ಸಿಕ್ಕಿತು. ಎರಡನೆಯದು, ವಿಲೀನಗೊಂಡ ಎರಡು ಲೀಗುಗಳಲ್ಲಿ ಬಲಾಢ್ಯವಾದ ಬಿಎಎ ತನ್ನ ಮೂರು ಋತುಗಳಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರನನ್ನೂ ಸೇರಿಸಿಕೊಂಡಿರಲಿಲ್ಲ. ಎನ್‌ಬಿಎಲ್ ಇದಕ್ಕಿಂತ ಮೇಲು: 1942ರಲ್ಲೇ ಅಲ್ಲಿ ಕಪ್ಪು ಆಟಗಾರರು ಆಡಿದ್ದರು. ಆದರೆ ಡೇಟನ್ನಿನ ವಿಷಯದಲ್ಲಿ ಅದು ತೋರಿದ ಔದಾರ್ಯವೂ ಎಲೆ ಖಾಲಿ ಉಳಿದೀತೆಂದು ಕರೆದು ಕೂರಿಸಿದಂಥದ್ದು. ಪಂಕ್ತಿ ದೊಡ್ಡದಾದಾಗ ಎಬ್ಬಿಸಿದರು. ಹಾರ್ಲೆಮ್‌ನ ತಂಡವೊಂದು ಪರ ಊರಿನಲ್ಲಿ, ಬೇರೆಯವರು ಕಳೆದುಕೊಂಡ ಋತುವಿನ ನಡುವೆ, ನಾಲ್ಕೇ ತಿಂಗಳಲ್ಲಿ ಪ್ರೇಕ್ಷಕರನ್ನು ಗಳಿಸಲಿಲ್ಲ ಎಂಬುದನ್ನು ಅದರ ಸೋಲೆಂದು ಎಣಿಸಲು ನನಗೆ ಮನಸ್ಸು ಒಪ್ಪುವುದಿಲ್ಲ.

1950ರಲ್ಲಿ ಚಕ್ ಕೂಪರ್, ಅರ್ಲ್ ಲಾಯ್ಡ್ ಹಾಗೂ ಅದೇ ನ್ಯಾಟ್ ಕ್ಲಿಫ್ಟನ್ ಎಂಬ ಕಪ್ಪು ಆಟಗಾರರು ಎನ್‌ಬಿಎ ಸೇರಿದರಲ್ಲ, ತಡವಾದರೂ ನ್ಯಾಯ ಸಿಕ್ಕಿತಲ್ಲ ಎಂದು ಸಮಾಧಾನ ಹೇಳುವುದುಂಟು. ಡೇಟನ್ನಿನ ಕತೆಯನ್ನು ಆ ಸಮಾಧಾನದೊಳಗೆ ಅಡಗಿಸಲಾಗದು. ಬಾಗಿಲು ತೆರೆದದ್ದು ಬಿಳಿಯರ ತಂಡಗಳಲ್ಲಿ ಆಡಲು ಬಂದ ಒಬ್ಬೊಬ್ಬ ಆಟಗಾರನಿಗೆ. ತನ್ನದೇ ತಂಡ, ತನ್ನದೇ ಕೋಚ್, ತನ್ನದೇ ಲೆಕ್ಕಪತ್ರ ಇಟ್ಟುಕೊಂಡು ಕಾಲು ಶತಮಾನ ನಡೆದ ಸಂಸ್ಥೆಗೆ ಅದು ತೆರೆಯಲಿಲ್ಲ. ಗೇಟ್ಸ್ ಡೇಟನ್ನಿನಲ್ಲಿ ಕೂತಿದ್ದ ಕೋಚ್ ಸ್ಥಾನ ಎನ್‌ಬಿಎಯಲ್ಲಿ ಕಪ್ಪು ಮನುಷ್ಯನೊಬ್ಬನಿಗೆ, ಬಿಲ್ ರಸೆಲ್‌ಗೆ, ದಕ್ಕಿದ್ದು 1966ರಲ್ಲಿ. ಡಗ್ಲಾಸ್ ಅವರಂತೆ ತಂಡದ ಒಡೆತನ ಹಿಡಿಯಲು ರಾಬರ್ಟ್ ಜಾನ್ಸನ್ ಅವರಿಗೆ ಷಾರ್ಲಟ್‌ನ ಹೊಸ ತಂಡ ಸಿಕ್ಕಿದ್ದು 2002ರಲ್ಲಿ, ಡೇಟನ್ ರೆನ್ಸ್ ಕೊನೆಯ ಪಂದ್ಯ ಆಡಿ 53 ವರ್ಷಗಳಾದ ಮೇಲೆ.